ಮಗು ಮಾತಾಡುತ್ತಿಲ್ಲ ಅಂದರೆ ಮೊದಲು ಕಿವಿ ನೋಡಿಸಿ: ಮುಂಬೈಯ ಕನ್ನಡ ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ನನ್ನ ಮಗಳಿಗೆ ಎರಡು ವರ್ಷ ಮೂರು ತಿಂಗಳಾದಾಗ ಅವಳ ಬಾಯಲ್ಲಿ ಇದ್ದದ್ದು ಎರಡೇ ಮಾತು. 'ಅಮ್ಮ', 'ಬಾ'. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ. "ಮನೆಯಲ್ಲಿ ಕನ್ನಡ, ಅಜ್ಜಿ ಜೊತೆ ತುಳು, ಕೆಳಗೆ ಆಡುವಾಗ ಮರಾಠಿ, ಟಿವಿಯಲ್ಲಿ ಹಿಂದಿ. ಪಾಪ, ಮಗುವಿಗೆ ಗೊಂದಲ ಆಗ್ತಿದೆ." ಊರಿಂದ ಅತ್ತೆ ಫೋನ್ ಮಾಡಿ, "ಇವಳ ಅಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು, ಸುಮ್ನೆ ಹೆದರಬೇಡ" ಅಂದರು. ಬಜೆ ತೇಯ್ದು ನಾಲಗೆಗೆ ಸವರಿದ್ದೂ ಆಯಿತು. ತೋರಿಸಿದ ಒಬ್ಬ ಡಾಕ್ಟರ್ ಕೂಡ ಮೂರು ತುಂಬುವವರೆಗೆ ಕಾಯಿರಿ ಅಂದರು.

ನಾವು ಮೊದಲು ತುಳು ನಿಲ್ಲಿಸಿದೆವು. ಆಮೇಲೆ ಕನ್ನಡವನ್ನೂ ಕಡಿಮೆ ಮಾಡಿ ಹಿಂದಿಯೊಂದನ್ನೇ ಆಡಿದೆವು. ಹೀಗೆ ಆರು ತಿಂಗಳು ಹೋಯಿತು. ಕೊನೆಗೆ ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿಯಲ್ಲಿ ಸುಮಾರು 60 ಡೆಸಿಬಲ್ ಕೊರತೆ ಇರುವುದು ಗೊತ್ತಾಯಿತು. ಗೊಂದಲ ಆಗುವಷ್ಟು ಭಾಷೆ ಅವಳ ಕಿವಿಗೆ ಬಿದ್ದೇ ಇರಲಿಲ್ಲ.

ಎರಡು ಮೂರು ಭಾಷೆ ಇರುವ ಮನೆಯಲ್ಲಿ ಬೆಳೆಯುವುದರಿಂದ ಮಗುವಿನ ಮಾತು ನಿಲ್ಲುವುದಿಲ್ಲ. ಒಂದು ಭಾಷೆಯ ಪದ ಇನ್ನೊಂದರಲ್ಲಿ ಬೆರೆಯಬಹುದು, ಅದು ಸಹಜ. ಆದರೆ ಎಲ್ಲ ಭಾಷೆ ಸೇರಿಸಿ ಎಣಿಸಿದರೂ ಪದಗಳು ಕಡಿಮೆ ಇದ್ದರೆ ಕಾರಣ ಬೇರೆ ಇದೆ. ಅದರಲ್ಲಿ ಮೊದಲು ನೋಡಬೇಕಾದದ್ದು ಕಿವಿ. ನಾವು ಕಳೆದುಕೊಂಡ ಆರು ತಿಂಗಳನ್ನು ಇನ್ನೊಂದು ಮನೆಯವರು ಕಳೆದುಕೊಳ್ಳಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಕೇಳುವುದು ಹೇಗೆ, ಯಾವಾಗ ಶುರುವಾಗುತ್ತದೆ

ಸದ್ದು ಹೊರಕಿವಿಯಿಂದ ಒಳಗೆ ಹೋಗಿ ಕಿವಿಯ ತಮಟೆಯನ್ನು ಅಲುಗಿಸುತ್ತದೆ. ತಮಟೆಯ ಹಿಂದೆ ಮೂರು ಪುಟ್ಟ ಮೂಳೆಗಳಿವೆ. ಅವು ಆ ಅಲುಗಾಟವನ್ನು ಒಳಕಿವಿಗೆ ದಾಟಿಸುತ್ತವೆ. ಒಳಕಿವಿಯಲ್ಲಿ ಬಸವನಹುಳದ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರೊಳಗೆ ಸುಮಾರು 15 ಸಾವಿರ ಕೂದಲು ಕೋಶಗಳು. ಸದ್ದನ್ನು ನರದ ಸಂದೇಶವಾಗಿ ಬದಲಾಯಿಸುವುದು ಇವೇ. ಒಮ್ಮೆ ಹಾಳಾದರೆ ಮನುಷ್ಯರಲ್ಲಿ ಇವು ಮತ್ತೆ ಬೆಳೆಯುವುದಿಲ್ಲ. ಹೊರಕಿವಿ, ನಡುಕಿವಿಯ ತೊಂದರೆಗಳಿಗೆ ಔಷಧಿಯೋ ಆಪರೇಶನ್ನೋ ಇರುತ್ತದೆ. ಒಳಕಿವಿಯ ತೊಂದರೆಗೆ ಹೆಚ್ಚಾಗಿ ಹಿಯರಿಂಗ್ ಏಡ್ ಅಥವಾ ಆಪರೇಶನ್ ಮಾಡಿ ಒಳಕಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಬೇಕಾಗುತ್ತದೆ.

ಏಳನೇ ತಿಂಗಳಿನ ಹೊತ್ತಿಗೆ ಹೊಟ್ಟೆಯೊಳಗಿನ ಮಗುವಿಗೆ ಹೊರಗಿನ ಸದ್ದು ಮಂಕಾಗಿ ಕೇಳಿಸುತ್ತದೆ. ಸೀಮಂತದ ದಿನ ತೊಡಿಸಿದ ಬಳೆಗಳ ಸದ್ದಿಗೆ ಒಳಗಿರುವ ಜೀವವೂ ಪಾಲುದಾರ. ಹುಟ್ಟಿದ ಮಗು ಬೇರೆ ಹೆಂಗಸರ ದನಿಯ ನಡುವೆ ಅಮ್ಮನ ದನಿಯನ್ನು ಗುರುತಿಸುತ್ತದೆ. ಅಂದರೆ ಮಾತಿನ ಪಾಠ ಮೊದಲ ಪದಕ್ಕಿಂತ ಒಂದು ವರ್ಷಕ್ಕೂ ಮುಂಚೆ ಶುರುವಾಗಿರುತ್ತದೆ. ಮಿದುಳಿನ ಕೇಳುವ ಭಾಗ ಗಟ್ಟಿಯಾಗುವುದು ಮೊದಲ ಮೂರು ವರ್ಷಗಳಲ್ಲಿ. ಆ ಹೊತ್ತಿನಲ್ಲಿ ಸದ್ದು ಒಳಗೆ ಹೋಗದಿದ್ದರೆ ಆಮೇಲೆ ಹಿಡಿಯುವುದು ತುಂಬಾ ಕಷ್ಟ.

ಹೆಜ್ಜೆ 2: ವಯಸ್ಸಿಗೆ ತಕ್ಕಂತೆ ಗಮನಿಸಿ

ಮೊದಲ ಮೂರು ತಿಂಗಳು: ಜೋರಾದ ಸದ್ದಿಗೆ ಮಗು ಬೆಚ್ಚಬೇಕು, ಕಣ್ಣು ಪಿಳುಕಿಸಬೇಕು. ಅಳುವಾಗ ನೀವು ಮುಖ ತೋರಿಸದೆ ಮಾತಾಡಿಸಿದರೂ ಒಂದು ಕ್ಷಣ ಸುಮ್ಮನಾಗಬೇಕು. ಈ ವಯಸ್ಸಿನಲ್ಲಿ ತಲೆ ತಿರುಗಿಸಲಿ ಅಂತ ಕಾಯಬೇಡಿ, ಕತ್ತು ಇನ್ನೂ ನಿಂತಿರುವುದಿಲ್ಲ.

ನಾಲ್ಕರಿಂದ ಆರು ತಿಂಗಳು: ಸದ್ದು ಬಂದ ಕಡೆಗೆ ಮೊದಲು ಕಣ್ಣು, ಆಮೇಲೆ ತಲೆ ತಿರುಗುತ್ತದೆ. ಗಿಲಕಿ ಇಷ್ಟವಾಗುತ್ತದೆ. ನೀವು ಗದರಿಸಿದಿರೋ ಮುದ್ದಿಸಿದಿರೋ ಅನ್ನುವುದು ದನಿಯಿಂದಲೇ ತಿಳಿಯುತ್ತದೆ.

ಇಲ್ಲಿ ತುಂಬಾ ಜನ ಮೋಸ ಹೋಗುವ ಒಂದು ವಿಷಯ ಇದೆ. ಕಿವಿ ಕೇಳಿಸದ ಮಗುವೂ ಮೊದಲ ಕೆಲವು ತಿಂಗಳು 'ಊ', 'ಆ' ಅಂತ ದನಿ ಮಾಡುತ್ತದೆ, ನಗುತ್ತದೆ, ಅಳುತ್ತದೆ. ಬಾಯಿ, ಗಂಟಲಿನ ಆ ಆಟಕ್ಕೆ ಕಿವಿ ಬೇಕಿಲ್ಲ. ಆರು ತಿಂಗಳ ನಂತರ ದನಿಯಾಟ ಮುಂದುವರಿಯಬೇಕಾದರೆ ಮಾತ್ರ ತನ್ನ ದನಿ ತನಗೆ ಕೇಳಿಸಬೇಕು. ಆದ್ದರಿಂದ ಚೆನ್ನಾಗಿ ದನಿ ಮಾಡುತ್ತಿದ್ದ ಮಗು ಏಳು ಎಂಟನೇ ತಿಂಗಳಲ್ಲಿ ಮೆಲ್ಲಗೆ ಸುಮ್ಮನಾದರೆ ಅದನ್ನು 'ಸಾಧು ಮಗು' ಅಂತ ಹೊಗಳಬೇಡಿ. ನಮ್ಮ ಮಗಳೂ ಹಾಗೇ ಸಾಧುವಾದಳು. ಬಂದವರೆಲ್ಲ ಮೆಚ್ಚಿದರು.

ಏಳರಿಂದ ಹನ್ನೆರಡು ತಿಂಗಳು: 'ಬಬಬ', 'ದದದ', 'ಮಮಮ' ಅಂತ ಅಕ್ಷರಗಳ ಸಾಲು ಬರಬೇಕು. ಹೆಸರು ಕರೆದರೆ ತಿರುಗಬೇಕು. 'ಟಾಟಾ ಮಾಡು', 'ಬೇಡ' ಅನ್ನುವುದು ಕೈಸನ್ನೆ ಇಲ್ಲದೆಯೂ ಅರ್ಥವಾಗತೊಡಗಬೇಕು.

ಒಂದು ವರ್ಷದ ಹೊತ್ತಿಗೆ ಅರ್ಥವಿರುವ ಒಂದೆರಡು ಪದ. ಒಂದೂವರೆಗೆ ಕಡಿಮೆ ಅಂದರೂ ಹತ್ತು. ಎರಡಕ್ಕೆ ಸುಮಾರು 50 ಪದ, ಜೊತೆಗೆ 'ಅಮ್ಮ ಬಾ', 'ಹಾಲು ಬೇಕು' ಅನ್ನುವಂಥ ಎರಡು ಪದಗಳ ಜೋಡಿ. ಎಣಿಸುವಾಗ ಎಲ್ಲ ಭಾಷೆಯ ಪದಗಳನ್ನೂ ಸೇರಿಸಿ. 'ನೀರು' ಕನ್ನಡದಲ್ಲಿ, 'ಪೋಳಿ' (ಚಪಾತಿ) ಮರಾಠಿಯಲ್ಲಿ ಬಂದರೆ ಎರಡು ಪದ ಅಂತಲೇ ಲೆಕ್ಕ. ಮೂರು ವರ್ಷಕ್ಕೆ ಮಗುವಿನ ಹೆಚ್ಚಿನ ಮಾತು ಹೊರಗಿನವರಿಗೂ ಅರ್ಥವಾಗಬೇಕು.

ದೊಡ್ಡ ಮಕ್ಕಳಲ್ಲಿ ಗುರುತು ಬೇರೆ. ಟಿವಿಯ ಹತ್ತಿರ ಹೋಗಿ ಕೂರುವುದು. ಮಾತು ಮಾತಿಗೂ 'ಹಾಂ?' ಅನ್ನುವುದು. ಮುಖ ನೋಡದೆ ಹೇಳಿದ್ದನ್ನು ಮಾಡದಿರುವುದು. ಬೇರೆ ಮಕ್ಕಳು ಏಳುವುದನ್ನು ನೋಡಿ ಒಂದು ಕ್ಷಣ ತಡವಾಗಿ ತಾನೂ ಏಳುವುದು. ಸಂಜೆ ಶಾಲೆಯಿಂದ ಬಂದಾಗ ವಿಪರೀತ ದಣಿದಿರುವುದು, ಯಾಕೆಂದರೆ ಇಡೀ ದಿನ ಕಿವಿಯ ಕೆಲಸವನ್ನು ಕಣ್ಣು ಮಾಡಿರುತ್ತದೆ. ಟೀಚರ್ ಡೈರಿಯಲ್ಲಿ 'ಗಮನ ಕೊಡುವುದಿಲ್ಲ' ಅಂತ ಬರೆದರೆ ಮಗುವನ್ನು ಬೈಯುವ ಮುಂಚೆ ಕಿವಿ ನೋಡಿಸಿ.

ಸ್ವಲ್ಪವೇ ಕೊರತೆ ಇರುವ ಮಕ್ಕಳು ಕಣ್ಣಿಗೆ ಬೀಳುವುದೇ ಇಲ್ಲ. 'ಸ', 'ಶ', 'ಫ' ಇವೆಲ್ಲ ಮೆಲ್ಲನೆಯ, ಎತ್ತರದ ಶ್ರುತಿಯ ಸದ್ದುಗಳು. ಮೊದಲು ತಪ್ಪಿಹೋಗುವುದು ಇವೇ. ಇನ್ನೊಂದು, ಕನ್ನಡದಲ್ಲಿ ಅರ್ಥ ತಿರುಗುವುದು ಪದದ ಬಾಲದಲ್ಲಿ. ಮನೆಗೆ, ಮನೆಯಿಂದ, ಮನೆಯಲ್ಲಿ. ಬಂದನು, ಬಂದಳು, ಬಂದರು. ಆ ಬಾಲವನ್ನು ನಾವು ಮಾತಿನ ಭರದಲ್ಲಿ ನುಂಗಿಬಿಡುತ್ತೇವೆ. ನಾಲ್ಕು ವರ್ಷವಾದರೂ ಮಗು 'ಅಜ್ಜಿ ಮನೆ ಹೋಗು', 'ಅಪ್ಪ ಬಂತು' ಅಂತಲೇ ಬಾಲ ಬಿಟ್ಟು ಮಾತಾಡುತ್ತಿದ್ದರೆ ಮುದ್ದು ಮಾತು ಅಂತ ಬಿಡಬೇಡಿ.

ಹೆಜ್ಜೆ 3: ಹುಟ್ಟಿದ ಕೂಡಲೇ ಪರೀಕ್ಷೆ, ತವರಿನಲ್ಲಾದರೂ ಸರಿ

ಕಿವಿ ಡಾಕ್ಟರುಗಳು ಎಲ್ಲ ಕಡೆ ಹೇಳುವ ಲೆಕ್ಕ 1-3-6. ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ತೊಂದರೆ ಇದೆಯೋ ಇಲ್ಲವೋ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು.

ಮೊದಲ ತಪಾಸಣೆಯ ಹೆಸರು ಒಎಇ. ಮಲಗಿರುವ ಮಗುವಿನ ಕಿವಿಗೆ ಮೆತ್ತನೆಯ ಪುಟ್ಟ ತುದಿಯೊಂದನ್ನು ಇಡುತ್ತಾರೆ. ಅದು ಸದ್ದು ಕಳಿಸುತ್ತದೆ, ಆರೋಗ್ಯವಾಗಿರುವ ಕಾಕ್ಲಿಯಾ ತಿರುಗಿ ಸಣ್ಣ ಪ್ರತಿಧ್ವನಿ ಕೊಡುತ್ತದೆ. ಸೂಜಿ ಇಲ್ಲ, ನೋವಿಲ್ಲ, ಕೆಲವೇ ನಿಮಿಷ.

ನಮ್ಮವರಲ್ಲಿ ಇದು ತಪ್ಪಿಹೋಗಲು ಒಂದು ವಿಶೇಷ ಕಾರಣ ಇದೆ. ಹೆರಿಗೆಗೆ ತವರಿಗೆ ಹೋಗುತ್ತೇವೆ. ಉಡುಪಿಯೋ ಕುಂದಾಪುರವೋ ಹುಬ್ಬಳ್ಳಿಯೋ. ಬಾಣಂತನ ಮುಗಿಸಿ ಮೂರು ನಾಲ್ಕು ತಿಂಗಳ ಮಗುವನ್ನು ಎತ್ತಿಕೊಂಡು ಮುಂಬೈಯ ರೈಲು ಹತ್ತುತ್ತೇವೆ. ಅಲ್ಲಿಯವರು 'ಮುಂಬೈಯಲ್ಲಿ ಮಾಡಿಸುತ್ತಾರೆ' ಅಂದುಕೊಳ್ಳುತ್ತಾರೆ, ಇಲ್ಲಿಯವರು 'ಹುಟ್ಟಿದಲ್ಲೇ ಆಗಿರುತ್ತದೆ' ಅಂದುಕೊಳ್ಳುತ್ತಾರೆ. ನನ್ನ ಹೆರಿಗೆಯಾದ ಕಡೆ ಕಿವಿ ಪರೀಕ್ಷೆಯ ಮಾತೇ ಬರಲಿಲ್ಲ, ನಾನೂ ಕೇಳಲಿಲ್ಲ. ನೀವು ಕೇಳಿ. ಡಿಸ್ಚಾರ್ಜ್ ಕಾರ್ಡಿನಲ್ಲಿ ಒಎಇ ಫಲಿತಾಂಶ ಎರಡೂ ಕಿವಿಗೆ ಬೇರೆ ಬೇರೆಯಾಗಿ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಮುಂಬೈಗೆ ಬಂದ ವಾರವೇ ಮಾಡಿಸಿ. ತಡವಾಯಿತು ಅಂತ ಬಿಡಬೇಡಿ, ಒಎಇ ಯಾವ ವಯಸ್ಸಿನಲ್ಲೂ ಮಾಡಬಹುದು.

ಫಲಿತಾಂಶದಲ್ಲಿ 'ರೆಫರ್' ಅಂತ ಬಂದರೆ ಮಗು ಕಿವುಡು ಅಂತ ಅರ್ಥ ಅಲ್ಲ. ಹುಟ್ಟಿದ ಒಂದೆರಡು ದಿನ ಕಿವಿಯಲ್ಲಿ ನೀರು, ಮೇಣದಂಥ ಪದರ ಇರುತ್ತದೆ, ಮಗು ಅಲುಗಾಡಿರಬಹುದು. ಕೆಲವು ದಿನ ಬಿಟ್ಟು ಮತ್ತೆ ಮಾಡುತ್ತಾರೆ. ಆ ಎರಡನೇ ಸಲಕ್ಕೆ ಖಂಡಿತ ಹೋಗಿ. 'ಪಾಸ್' ಬಂದವರೂ ಕಣ್ಣಿಟ್ಟಿರಿ. ಕೆಲವು ಕೊರತೆಗಳು ತಿಂಗಳುಗಳು, ವರ್ಷಗಳು ಕಳೆದ ಮೇಲೆ ಶುರುವಾಗುತ್ತವೆ.

ಹೆಜ್ಜೆ 4: ಯಾವ ಮಕ್ಕಳ ಮೇಲೆ ಜಾಸ್ತಿ ಕಣ್ಣಿಡಬೇಕು

ಹುಟ್ಟಿದಾಗ ಐದು ದಿನಕ್ಕಿಂತ ಹೆಚ್ಚು ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದ ಮಗು. ಒಂದೂವರೆ ಕಿಲೋಗಿಂತ ಕಡಿಮೆ ತೂಕದ ಮಗು. ರಕ್ತ ಬದಲಾಯಿಸಬೇಕಾಗುವಷ್ಟು ಕಾಮಾಲೆ ಏರಿದ್ದ ಮಗು. ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಇಂಜೆಕ್ಷನ್ ಪಡೆದ ಮಗು. ಮಿದುಳು ಜ್ವರ ಬಂದಿದ್ದ ಮಗು. ಮಂಗನಬಾವು ಬಂದು ಹೋದ ಮೇಲೆ ಒಂದೇ ಕಿವಿ ಪೂರ್ತಿ ಹೋಗುವುದೂ ಉಂಟು. ಎನ್‌ಐಸಿಯುನಲ್ಲಿದ್ದ ಮಕ್ಕಳಿಗೆ ಒಎಇ ಒಂದೇ ಸಾಲದು. ಕಾಕ್ಲಿಯಾ ಸರಿಯಿದ್ದು ನರದಲ್ಲಿ ತೊಂದರೆ ಇದ್ದರೆ ಒಎಇ ಪಾಸಾಗುತ್ತದೆ. ಅದನ್ನು ಹಿಡಿಯಲು ನರದ ಉತ್ತರವನ್ನು ನೋಡುವ ಬೆರಾ ಪರೀಕ್ಷೆಯೇ ಬೇಕು.

ಗರ್ಭಿಣಿಗೆ ರುಬೆಲ್ಲಾ ಅಥವಾ ಸಿಎಂವಿ ಅನ್ನುವ ವೈರಸ್ ತಗುಲಿದರೆ ಮಗುವಿನ ಕಿವಿಗೆ ಪೆಟ್ಟು ಬೀಳಬಹುದು. ರುಬೆಲ್ಲಾಗೆ ಲಸಿಕೆ ಇದೆ. ದೇಶದಲ್ಲಿ ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಅಭಿಯಾನ 2017ರ ಫೆಬ್ರವರಿಯಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕ, ಗೋವಾ ಎರಡೂ ಇದ್ದವು. ಅದು 15 ವರ್ಷದೊಳಗಿನವರಿಗಾಗಿತ್ತು. ಆಗಲೇ ಆ ವಯಸ್ಸು ದಾಟಿದ್ದ ಹುಡುಗಿಯರು ಈಗ ತಾಯಂದಿರಾಗುತ್ತಿದ್ದಾರೆ, ಅವರಲ್ಲಿ ತುಂಬಾ ಜನಕ್ಕೆ ಈ ಲಸಿಕೆ ಸಿಕ್ಕಿಲ್ಲ. ಮಗು ಬೇಕು ಅಂದುಕೊಂಡಿರುವವರು ಡಾಕ್ಟರನ್ನು ಕೇಳಿ ಮುಂಚೆಯೇ ಹಾಕಿಸಿಕೊಳ್ಳಿ. ಹಾಕಿಸಿಕೊಂಡು ಒಂದು ತಿಂಗಳು ಕಾಯಬೇಕು. ಗರ್ಭಿಣಿಯಾದ ಮೇಲೆ ಹಾಕುವುದಿಲ್ಲ.

ಹುಟ್ಟಿನಿಂದ ಬರುವ ಕೊರತೆಯಲ್ಲಿ ಅರ್ಧದಷ್ಟಾದರೂ ವಂಶವಾಹಿಯಿಂದ ಬರುವುದು. ಸೋದರಮಾವ, ಅತ್ತೆ ಮಗ ಅಂತ ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇದರ ಸಾಧ್ಯತೆ ಜಾಸ್ತಿ. ಆದರೆ ನೆನಪಿಡಿ, ಕೇಳಿಸದ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. 'ನಮ್ಮ ಕಡೆ ಯಾರಿಗೂ ಇಲ್ಲ' ಅನ್ನುವುದು ಪರೀಕ್ಷೆ ಬಿಡಲು ಕಾರಣ ಅಲ್ಲ. ಗ್ರಹಣದ ದಿನ ಹೊರಗೆ ಹೋದಳು, ಅದನ್ನು ತಿಂದಳು ಅಂತ ಬಾಣಂತಿಯ ಮೇಲೆ ಹೊರಿಸುವುದನ್ನಂತೂ ದಯವಿಟ್ಟು ನಿಲ್ಲಿಸಿ. ಅದಕ್ಕೂ ಕಿವಿಗೂ ಯಾವ ಸಂಬಂಧವೂ ಇಲ್ಲ. ಆ ಮಾತು ಕೇಳಿದ ತಾಯಿ ಪರೀಕ್ಷೆಗೆ ಹೋಗಲು ಇನ್ನಷ್ಟು ಹೆದರುತ್ತಾಳೆ.

ಹೆಜ್ಜೆ 5: ಮನೆಯಲ್ಲಿ ನೋಡುವುದು ಹೇಗೆ

ಎಲ್ಲರೂ ಮಾಡುವುದು ಒಂದೇ. ಮಗುವಿನ ಹಿಂದೆ ನಿಂತು ಸ್ಟೀಲ್ ತಟ್ಟೆ ಬಡಿಯುವುದು. ತಿರುಗಿದರೆ 'ನೋಡಿ, ಕೇಳಿಸ್ತದೆ' ಅಂತ ನಿರಾಳ. ತಟ್ಟೆಯ ಸದ್ದು ಎಷ್ಟು ಜೋರು ಅಂದರೆ ಅರ್ಧ ಕಿವಿ ಹೋದ ಮಗುವೂ ತಿರುಗುತ್ತದೆ. ಕುಕ್ಕರ್ ಸೀಟಿ, ಗಣಪತಿಯ ಢೋಲು, ಲೋಕಲ್‌ನ ಹಾರ್ನ್ ಎಲ್ಲವೂ ಹಾಗೇ. ಪಿಸುಮಾತು ಸುಮಾರು 30 ಡೆಸಿಬಲ್, ಎದುರು ಕೂತು ಆಡುವ ಮಾತು ಸುಮಾರು 60. ನಮಗೆ ಬೇಕಾದದ್ದು ಈ ಮಟ್ಟದ ಸದ್ದು ಕೇಳಿಸುತ್ತದೆಯಾ ಅನ್ನುವುದು.

ಮಗು ಆರು ತಿಂಗಳು ದಾಟಿದ್ದರೆ ಹೀಗೆ ಮಾಡಿ. ನಿದ್ದೆ ಮುಗಿಸಿ, ಹೊಟ್ಟೆ ತುಂಬಿ ಖುಷಿಯಾಗಿರುವ ಹೊತ್ತು ನೋಡಿ. ಮುಂಬೈಯಲ್ಲಿ ನಿಶ್ಶಬ್ದ ಸಿಗುವುದು ಕಷ್ಟ, ಭಾನುವಾರ ಮಧ್ಯಾಹ್ನ ಆದೀತು. ಫ್ಯಾನ್, ಟಿವಿ ಆರಿಸಿ ಕಿಟಕಿ ಮುಚ್ಚಿ. ಒಬ್ಬರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲಿ. ಇನ್ನೊಬ್ಬರು ಎದುರು ಕೂತು ಸಾಧಾರಣ ಆಟಿಕೆಯೊಂದನ್ನು ಸುಮ್ಮನೆ ತೋರಿಸುತ್ತಿರಲಿ. ತುಂಬಾ ಚಂದದ ಆಟಿಕೆ ಬೇಡ, ಮಗು ಅದರಲ್ಲೇ ಮುಳುಗುತ್ತದೆ. ಮೂರನೆಯವರು ಹಿಂದೆ, ಪಕ್ಕಕ್ಕೆ, ಒಂದು ಮೀಟರ್ ದೂರದಲ್ಲಿ, ಕಿವಿಯ ಎತ್ತರಕ್ಕೆ ಬಾಗಿ ಸದ್ದು ಮಾಡಲಿ. ನೆರಳು ಬೀಳಬಾರದು, ಬಳೆ ಸದ್ದು ಮಾಡಬಾರದು, ಉಸಿರು ತಾಗಬಾರದು, ನೆಲ ಅದುರಬಾರದು.

ಯಾವ ಸದ್ದು? ಮೆಲ್ಲನೆ 'ಸ್ ಸ್ ಸ್'. ಆಮೇಲೆ 'ಶ್'. ಆಮೇಲೆ 'ಊ', 'ಆ', 'ಈ', 'ಮ್'. ಈ ಆರು ಸದ್ದುಗಳನ್ನು ಲಿಂಗ್ ಸದ್ದುಗಳು ಅನ್ನುತ್ತಾರೆ. ಮಾತಿಗೆ ಬೇಕಾದ ತಗ್ಗು ಶ್ರುತಿಯಿಂದ ಎತ್ತರದ ಶ್ರುತಿಯವರೆಗೆ ಇವು ಹರಡಿಕೊಂಡಿವೆ. ಎಡಕ್ಕೆ, ಬಲಕ್ಕೆ ಬೇರೆ ಬೇರೆಯಾಗಿ ನೋಡಿ. ಪೂರ್ತಿ ತಿರುಗಲೇಬೇಕು ಅಂತಿಲ್ಲ. ಕಣ್ಣು ಅತ್ತ ಸರಿಯುವುದು, ಆಡುತ್ತಿದ್ದ ಕೈ ನಿಲ್ಲುವುದು ಕೂಡ ಉತ್ತರವೇ. 'ಊ'ಗೆ ತಿರುಗಿ 'ಸ್'ಗೆ ತಿರುಗದಿದ್ದರೆ, ಅಥವಾ ಯಾವ ಕಡೆ ಮಾಡಿದರೂ ಒಂದೇ ಕಡೆ ತಿರುಗಿದರೆ ಬರೆದಿಟ್ಟುಕೊಳ್ಳಿ. ಮರುದಿನ ಮತ್ತೊಮ್ಮೆ ಮಾಡಿ.

ಮಗು ಎಲ್ಲದಕ್ಕೂ ತಿರುಗಿತು, ಆದರೆ ಮಾತು ಬಂದಿಲ್ಲ ಅಂದರೂ ಪರೀಕ್ಷೆಗೆ ಹೋಗಿ. ಹೆಸರು ಕರೆದರೆ ನೋಡದ ಮಗುವಿಗೆ ಆಟಿಸಂ ಇರಬಹುದು ಅನ್ನುವ ಅನುಮಾನ ಬಂದರೂ ಮೊದಲು ಕಿವಿ ಪರೀಕ್ಷೆಯೇ ಆಗಬೇಕು. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಹೆಜ್ಜೆ 6: ಎಲ್ಲಿಗೆ ಹೋಗಬೇಕು, ಅಲ್ಲಿ ಏನು ಮಾಡುತ್ತಾರೆ

ಮುಂಬೈಯಲ್ಲಿರುವವರ ಅದೃಷ್ಟ, ದೇಶದ ದೊಡ್ಡ ಸಂಸ್ಥೆಯೊಂದು ಇಲ್ಲೇ ಇದೆ. ಬಾಂದ್ರಾ ರಿಕ್ಲಮೇಶನ್‌ನಲ್ಲಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ, 1983ರಲ್ಲಿ ಶುರುವಾದದ್ದು. ಕಿವಿ ಪರೀಕ್ಷೆ, ಹಿಯರಿಂಗ್ ಏಡ್, ಮಾತಿನ ಥೆರಪಿ ಎಲ್ಲ ಒಂದೇ ಕಡೆ. ಪಾಲಿಕೆಯ ಕೆಇಎಂ, ನಾಯರ್, ಸಯನ್, ಕೂಪರ್ ಆಸ್ಪತ್ರೆಗಳಲ್ಲೂ ಕಿವಿ-ಮೂಗು-ಗಂಟಲು ವಿಭಾಗ ಇದೆ. ಬೆಳಿಗ್ಗೆಯೇ ಹೋಗಿ ಕೇಸ್ ಪೇಪರ್ ಮಾಡಿಸಬೇಕು. ಊರಿನಲ್ಲಿ ಇದ್ದಾಗ ಅನುಮಾನ ಬಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಎಲ್ಲರೂ 'ಆಯಿಷ್' ಅನ್ನುವುದು ಅದನ್ನೇ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು ಅನ್ನುವುದು ನಮ್ಮಂಥವರಿಗೆ ದೊಡ್ಡ ಸಮಾಧಾನ.

ಜೊತೆಗೆ ಒಯ್ಯಬೇಕಾದದ್ದು: ಹೆರಿಗೆಯ ಡಿಸ್ಚಾರ್ಜ್ ಕಾರ್ಡ್, ಎನ್‌ಐಸಿಯು ಕಾಗದ, ಲಸಿಕೆ ಕಾರ್ಡ್, ಹೆಜ್ಜೆ 5ರಲ್ಲಿ ಬರೆದಿಟ್ಟ ಚೀಟಿ. ಮನೆಯಲ್ಲಿ ಮಗು ಆಡುವ, ದನಿ ಮಾಡುವ ಎರಡು ನಿಮಿಷದ ವಿಡಿಯೊ ಕೂಡ. ಆಸ್ಪತ್ರೆಯಲ್ಲಿ ಮಗು ಅಮ್ಮನ ಸೆರಗಲ್ಲಿ ಮುಖ ಮುಚ್ಚಿಕೊಂಡು ಏನೂ ತೋರಿಸುವುದಿಲ್ಲ.

ಮೊದಲು ಕಿವಿಯೊಳಗೆ ದೀಪ ಹಾಕಿ ಗುಗ್ಗೆ, ತೂತು, ಸೋಂಕು ನೋಡುತ್ತಾರೆ. ಟಿಂಪನೊಮೆಟ್ರಿಯಲ್ಲಿ ತಮಟೆಯ ಹಿಂದೆ ನೀರು ಕಟ್ಟಿದೆಯಾ ತಿಳಿಯುತ್ತದೆ. ವರದಿಯಲ್ಲಿ 'ಎ' ಅಂದರೆ ಸರಿ, 'ಬಿ' ಅಂದರೆ ಹೆಚ್ಚಾಗಿ ನೀರು, 'ಸಿ' ಅಂದರೆ ಒಳಗಿನ ಒತ್ತಡ ಕಡಿಮೆ. ಆಮೇಲೆ ಒಎಇ. ಆಮೇಲೆ ಬೆರಾ.

ಬೆರಾದಲ್ಲಿ ಹಣೆಗೆ, ಕಿವಿಯ ಹಿಂದೆ ಪುಟ್ಟ ಬಿಲ್ಲೆಗಳನ್ನು ಅಂಟಿಸಿ, ಕಿವಿಗೆ ಸದ್ದು ಕೊಟ್ಟು, ನರದ ಉತ್ತರವನ್ನು ಕಂಪ್ಯೂಟರಿನಲ್ಲಿ ನೋಡುತ್ತಾರೆ. ಮಗು ಗಾಢವಾಗಿ ಮಲಗಿರಬೇಕು. ನಮ್ಮ ಮೊದಲ ಬೆರಾ ನಡೆಯಲೇ ಇಲ್ಲ. ಡೊಂಬಿವಲಿಯಿಂದ ದಾದರ್, ದಾದರಿನಲ್ಲಿ ಬದಲಾಯಿಸಿ ಬಾಂದ್ರಾ. ಲೋಕಲ್‌ನ ತೂಗಾಟಕ್ಕೆ ಅವಳು ದಾರಿಯುದ್ದಕ್ಕೂ ಮಲಗಿದಳು. ಪರೀಕ್ಷೆಯ ಕೋಣೆಗೆ ಬಂದ ಮೇಲೆ ಕಣ್ಣರಳಿಸಿ ಕೂತಳು. ಅದಕ್ಕೇ ಹೇಳುವುದು, ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಮಲಗಲು ಬಿಡಬೇಡಿ. ಜೊತೆಗೆ ಒಬ್ಬರು ಬೇಕೇ ಬೇಕು. ಹಾಲು, ತಿಂಡಿ ಅಲ್ಲಿ ಹೋದ ಮೇಲೆ ಕೊಟ್ಟು ಮಲಗಿಸಿ. ಆದರೆ ನಿದ್ದೆಯ ಸಿರಪ್ ಕೊಡುವುದಿದ್ದರೆ ಎಷ್ಟು ಹೊತ್ತಿನಿಂದ ಏನೂ ತಿನ್ನಿಸಬಾರದು ಅಂತ ಮುಂಚೆಯೇ ಕೇಳಿಕೊಳ್ಳಿ. ಸಿರಪ್ ಅಲ್ಲಿಯವರೇ ಕೊಡಬೇಕು, ಮನೆಯಲ್ಲಿ ಅಲ್ಲ. ಅವತ್ತು ತಲೆಗೆ, ಹಣೆಗೆ ಎಣ್ಣೆ ಹಚ್ಚಬೇಡಿ, ಬಿಲ್ಲೆ ಅಂಟುವುದಿಲ್ಲ.

ಇನ್ನೊಂದು ಮಾತು ಕೇಳಿ ತಿಳಿದುಕೊಳ್ಳಿ. ಸಾಮಾನ್ಯ ಕ್ಲಿಕ್ ಬೆರಾ ಮುಖ್ಯವಾಗಿ 2000ದಿಂದ 4000 ಹರ್ಟ್ಸ್‌ವರೆಗಿನ, ಅಂದರೆ ಎತ್ತರದ ಶ್ರುತಿಯ, ಕೇಳುವಿಕೆಯನ್ನು ತೋರಿಸುತ್ತದೆ. ಬೇರೆ ಶ್ರುತಿಗಳಿಗೆ ಟೋನ್ ಬರ್ಸ್ಟ್ ಬೆರಾ ಅಥವಾ ಎಎಸ್‌ಎಸ್‌ಆರ್ ಬೇಕು. ಹಿಯರಿಂಗ್ ಏಡ್ ಹೊಂದಿಸುವ ಮುಂಚೆ ಇದು ಆಗಿದೆಯಾ ಅಂತ ವಿಚಾರಿಸಿ. ಆರು ತಿಂಗಳ ಮೇಲಿನ ಮಕ್ಕಳಿಗೆ ಸದ್ದಿನ ಕಡೆ ತಿರುಗಿದರೆ ಗೊಂಬೆ ಬೆಳಗುವ ಪರೀಕ್ಷೆ ಇದೆ. ಎರಡೂವರೆ ದಾಟಿದವರಿಗೆ ಸದ್ದು ಕೇಳಿದಾಗಲೆಲ್ಲ ಡಬ್ಬಿಗೆ ಮಣಿ ಹಾಕುವ ಆಟ.

ಆಡಿಯೋಗ್ರಾಮ್ ಕೈಗೆ ಬಂದರೆ ಹೆದರಬೇಡಿ. ಎಡದಿಂದ ಬಲಕ್ಕೆ ಹೋದಂತೆ ಶ್ರುತಿ ಏರುತ್ತದೆ, ಮೇಲಿನಿಂದ ಕೆಳಕ್ಕೆ ಹೋದಂತೆ ಸದ್ದು ಜೋರಾಗುತ್ತದೆ. ಕೆಂಪು ಸೊನ್ನೆ ಬಲಗಿವಿ, ನೀಲಿ ಗುಣಾಕಾರ ಎಡಗಿವಿ. ಗುರುತುಗಳು ಎಷ್ಟು ಕೆಳಗಿವೆಯೋ ಕೊರತೆ ಅಷ್ಟು ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 20 ಡೆಸಿಬಲ್ ಒಳಗೆ ಸರಿ, 35ರವರೆಗೆ ಸಣ್ಣದು, 50ರವರೆಗೆ ಮಧ್ಯಮ, 65ರವರೆಗೆ ಮಧ್ಯಮಕ್ಕಿಂತ ಹೆಚ್ಚು, 65 ದಾಟಿದರೆ ತೀವ್ರ, 80 ದಾಟಿದರೆ ಅತಿ ತೀವ್ರ.

ನಡುವೆ ಒಂದು ಮಾತು: ಶೀತ, ಸೋರುವ ಕಿವಿ, ಎಣ್ಣೆ

ಎಲ್ಲ ಕೊರತೆಯೂ ಒಳಕಿವಿಯದ್ದಲ್ಲ. ಮಕ್ಕಳಲ್ಲಿ ಮೂಗಿನ ಹಿಂಭಾಗವನ್ನೂ ನಡುಕಿವಿಯನ್ನೂ ಸೇರಿಸುವ ನಾಳ ಗಿಡ್ಡ, ಅಡ್ಡಡ್ಡ. ಶೀತವಾದರೆ ಅದು ಮುಚ್ಚಿಕೊಂಡು ತಮಟೆಯ ಹಿಂದೆ ನೀರು ನಿಲ್ಲುತ್ತದೆ. ನೋವಿರದೆಯೂ ವಾರಗಟ್ಟಲೆ ಮಂದ ಕೇಳಿಸಬಹುದು. ಹೆಚ್ಚಾಗಿ ತಾನೇ ಇಳಿಯುತ್ತದೆ, ಮೂರು ತಿಂಗಳಾದರೂ ಇಳಿಯದಿದ್ದರೆ ಡಾಕ್ಟರ್ ಮುಂದಿನ ದಾರಿ ಹೇಳುತ್ತಾರೆ. ಮಲಗಿಸಿ ಬಾಟಲಿ ಹಾಲು ಕುಡಿಸಬೇಡಿ, ತಲೆ ಎತ್ತರದಲ್ಲಿರಲಿ.

ಎಣ್ಣೆಸ್ನಾನದ ದಿನ ಕಿವಿಗೆ ಬಿಸಿ ಎಣ್ಣೆ, ನೋವಾದರೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ತುರಿಕೆಗೆ ಪಿನ್ನು. ಹಿರಿಯರು ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ತಮಟೆಯಲ್ಲಿ ತೂತಿದ್ದರೆ ಆ ಎಣ್ಣೆ ನೇರ ಒಳಗೆ ಹೋಗಿ ಸೋಂಕು ಹೆಚ್ಚಿಸುತ್ತದೆ. ಕಿವಿ ಸೋರುತ್ತಿದ್ದರೆ ಒಂದು ದಿನವೂ ಕಾಯದೆ ತೋರಿಸಿ. ನಮ್ಮ ಅಜ್ಜಿಗೆ ನಾನು ಹೇಳಿದ್ದು ಇಷ್ಟೇ: "ಕಿವಿಯ ಹೊರಗೆ ಎಷ್ಟು ಬೇಕಾದರೂ ಹಚ್ಚಿ ಅಜ್ಜಿ, ಒಳಗೆ ಬೇಡ." ಅವರು ಒಪ್ಪಿಕೊಂಡರು.

ಹೆಜ್ಜೆ 7: ಕೊರತೆ ಇದೆ ಅಂತ ಗೊತ್ತಾದ ಮೇಲೆ

ಒಂದು ದಿನ ಅಳಿ. ಎರಡನೇ ದಿನ ಹಿಯರಿಂಗ್ ಏಡ್‌ಗೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ.

ಕೆಲವೇ ವಾರಗಳ ಮಗುವಿಗೂ ಹಿಯರಿಂಗ್ ಏಡ್ ಹಾಕಬಹುದು. ಮಕ್ಕಳಿಗೆ ಕಿವಿಯ ಹಿಂದೆ ಕೂರುವ ಬಗೆಯೇ ಸರಿ. ಕಿವಿಯೊಳಗಿನ ಅಚ್ಚು ಮಗು ಬೆಳೆದಂತೆ ಸಡಿಲವಾಗಿ ಸೀಟಿ ಹೊಡೆಯುತ್ತದೆ, ಕೆಲವು ತಿಂಗಳಿಗೊಮ್ಮೆ ಹೊಸದು ಮಾಡಿಸಬೇಕು. ಎಚ್ಚರವಿರುವಷ್ಟು ಹೊತ್ತೂ ಹಾಕಿರಬೇಕು. ಮದುವೆ ಮನೆಗೆ ಹೋಗುವಾಗ, ಫೋಟೊ ತೆಗೆಯುವಾಗ ಬಿಚ್ಚಿಡುವುದು ಬೇಡ. ಕನ್ನಡಕಕ್ಕೆ ನಾಚುತ್ತೇವಾ? ಅದರ ಗುಂಡಿ ಬ್ಯಾಟರಿಯನ್ನು ಮಗು ನುಂಗಿದರೆ ಪ್ರಾಣಕ್ಕೇ ಅಪಾಯ. ಅನುಮಾನ ಬಂದರೂ ಕೂಡಲೇ ಆಸ್ಪತ್ರೆಗೆ ಓಡಿ.

ಕೊರತೆ ತುಂಬಾ ತೀವ್ರವಾಗಿದ್ದು, ಕೆಲವು ತಿಂಗಳು ಹಿಯರಿಂಗ್ ಏಡ್ ಹಾಕಿದರೂ ಪ್ರಯೋಜನ ಕಾಣದಿದ್ದರೆ ಕಾಕ್ಲಿಯರ್ ಇಂಪ್ಲಾಂಟ್ ಮಾತು ಬರುತ್ತದೆ. ಲಕ್ಷಗಟ್ಟಲೆ ಖರ್ಚು. ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಹುಟ್ಟಿನಿಂದ ಕೇಳಿಸದ 5 ವರ್ಷದೊಳಗಿನ ಮಕ್ಕಳಿಗೆ ನೆರವಿದೆ, ಆದಾಯದ ಮಿತಿಯೂ ಇದೆ. ಅದನ್ನು ನೋಡಿಕೊಳ್ಳುವ ಮುಖ್ಯ ಸಂಸ್ಥೆ ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆಯೇ. ವಯಸ್ಸಿನ ಮಿತಿ ಇರುವುದರಿಂದ ಕಾಗದ ಪತ್ರ ಬೇಗ ಶುರುಮಾಡಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಕೂಡ ಮಾಡಿಸಿಡಿ. ಸನ್ನೆ ಭಾಷೆ ಕಲಿಸಿದರೆ ಮಾತು ಬರುವುದಿಲ್ಲ ಅನ್ನುವ ಹೆದರಿಕೆ ಬೇಡ. ಭಾರತೀಯ ಸನ್ನೆ ಭಾಷೆ ಪೂರ್ಣ ಭಾಷೆ. ಮಗುವಿಗೆ ಬೇಕಾದದ್ದು ಯಾವುದಾದರೂ ಒಂದು ಭಾಷೆ, ತಡವಾಗದೆ.

ಈಗ ಮತ್ತೆ ಭಾಷೆಯ ವಿಷಯ. ಮುಂಬೈಯಲ್ಲಿ ಥೆರಪಿ ಹೆಚ್ಚಾಗಿ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ಇರುತ್ತದೆ. 'ಮನೆಯಲ್ಲೂ ಹಿಂದಿಯನ್ನೇ ಆಡಿ' ಅನ್ನುವ ಸಲಹೆ ನಮಗೂ ಬಂತು. ನಾವು ಎರಡನೇ ಸಲ ಆ ತಪ್ಪು ಮಾಡಲಿಲ್ಲ. ಥೆರಪಿ ವಾರಕ್ಕೆ ಎರಡು ಗಂಟೆ, ಅಮ್ಮ ಇಡೀ ದಿನ. ನನ್ನ ಹಿಂದಿ ಅಂಗಡಿಗೆ ಸಾಕು, ಮಗುವಿಗೆ ಕತೆ ಹೇಳಲು ಸಾಲದು. ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲಿ, ಕನ್ನಡವೋ ತುಳುವೋ, ಮಗುವಿನ ಎದುರು ಮುಖ ಇಟ್ಟು, ಹತ್ತಿರದಿಂದ ಮಾತಾಡಿ. ದೋಸೆ ಹುಯ್ಯುವಾಗ, ಬಟ್ಟೆ ಮಡಚುವಾಗ, ಮೀನು ತೊಳೆಯುವಾಗ ಮಾಡುತ್ತಿರುವುದನ್ನೇ ಹೇಳುತ್ತಾ ಹೋಗಿ. ಅವರು ಹಿಂದಿಯಲ್ಲಿ ಕಲಿಸಿದ ಪಾಠವನ್ನು ಬರೆದುಕೊಂಡು ಬಂದು ಮನೆಯಲ್ಲಿ ಕನ್ನಡದಲ್ಲಿ ಮಾಡಿಸಿದೆವು. ಕೇಳುವ ಕೊರತೆ ಇರುವ ಮಕ್ಕಳೂ ಎರಡು ಭಾಷೆ ಕಲಿಯುತ್ತಾರೆ. ನನ್ನ ಮಗಳು ಈಗ ಎರಡನೇ ಕ್ಲಾಸು, ಅಜ್ಜಿಯ ಜೊತೆ ತುಳುವಿನಲ್ಲೇ ಜಗಳ ಆಡುತ್ತಾಳೆ.

ಶಾಲೆಯಲ್ಲಿ ಮೊದಲ ಸಾಲಿನಲ್ಲಿ, ಫ್ಯಾನು ಮತ್ತು ರಸ್ತೆ ಕಡೆಯ ಕಿಟಕಿಯಿಂದ ದೂರ ಕೂರಿಸಲು ಹೇಳಿ. ಬೋರ್ಡಿನ ಕಡೆ ತಿರುಗಿಕೊಂಡು ಪಾಠ ಹೇಳಬೇಡಿ ಅಂತ ಟೀಚರ್ ಹತ್ತಿರ ವಿನಂತಿ ಮಾಡಿ. ವರ್ಷದ ಮೊದಲ ದಿನವೇ ಮಾಡಿ.

ಪ್ರತಿದಿನ ಬೆಳಿಗ್ಗೆ ಹಿಯರಿಂಗ್ ಏಡ್ ಹಾಕಿದ ಕೂಡಲೇ ಹಿಂದೆ ನಿಂತು ಆ ಆರು ಸದ್ದು ಹೇಳಿ, ಮಗು ತಿರುಗಿ ಹೇಳಲಿ. 'ಸ್' ತಪ್ಪಿದರೆ ಬ್ಯಾಟರಿ ಇಳಿದಿರಬಹುದು, ಅಚ್ಚಿನಲ್ಲಿ ಗುಗ್ಗೆ ಕಟ್ಟಿರಬಹುದು, ಇಲ್ಲ ಶೀತವಾಗಿರಬಹುದು. ಜೂನ್ ಬಂದರೆ ಇನ್ನೊಂದು ಕೆಲಸ ಸೇರುತ್ತದೆ. ಮುಂಬೈ ಮಳೆಗಾಲದ ತೇವಕ್ಕೆ ಹಿಯರಿಂಗ್ ಏಡ್‌ಗಳು ಕೈಕೊಡುತ್ತವೆ. ಗಟ್ಟಿ ಮುಚ್ಚಳದ ಡಬ್ಬಿಯೊಂದರಲ್ಲಿ ಸಿಲಿಕಾ ಜೆಲ್ ಹಾಕಿ, ರಾತ್ರಿ ಬ್ಯಾಟರಿ ಬಾಗಿಲು ತೆರೆದು ಅದರೊಳಗೆ ಇಡಿ. ಹರಳಿನ ಬಣ್ಣ ಬದಲಾದರೆ ಹೊಸದು ಹಾಕಿ. ನಮ್ಮ ಮನೆಯಲ್ಲಿ ಆ ಡಬ್ಬಿ ದೇವರ ಗೂಡಿನ ಪಕ್ಕದ ಶೆಲ್ಫಿನಲ್ಲಿದೆ, ಮಲಗುವ ಮುಂಚೆ ಅದರ ಮುಚ್ಚಳ ಹಾಕುವುದು ಮಗಳದೇ ಕೆಲಸ.